ಥಲಾಮಸ್ ಲೇಖನ: ತಿದ್ದಿ ಕಳಿಸಿ

ನಮಸ್ಕಾರ.

ಆತಂಕ ಮತ್ತು ಮಿದುಳಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ಕಾರಣ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮಿದುಳಿನ ನಡುವೆ ಇರುವ ಥಲಾಮಸ್ ಅಂದರೆ ಅಂಚೆ ಕಚೇರಿ, ಬಂದ ಸುದ್ದಿಯನ್ನು ಸುಮ್ನೆ ದಾಟಿಸುತ್ತದೆ, ಹೆದರುವ ಕೆಲಸವೆಲ್ಲ ಮಿದುಳಿನ ಇನ್ನೊಂದು ಭಾಗವಾದ ಅಮಿಗ್ಡಲಾದ್ದು ಎಂದಿದ್ದೀರಿ. ಇದು ಅರ್ಧ ಸತ್ಯ. ಥಲಾಮಸ್‌ನಲ್ಲಿ ಹತ್ತಾರು ನರಕೋಶದ ಗುಂಪುಗಳು, ಅಂದರೆ ನ್ಯೂಕ್ಲಿಯಸ್‌ಗಳಿವೆ, ಒಂದೊಂದರ ಕೆಲಸ ಒಂದೊಂದು. ತೋಟದಲ್ಲಿ ಬಿದಿರು ಮುರಿದ ಸದ್ದಿಗೆ ಆನೆ ಬಂತು ಅಂತ ಬೆಚ್ಚಿಬೀಳುತ್ತೇವಲ್ಲ, ಅಂಥ ಕಡೆ ಕಿವಿಯ ಸುದ್ದಿ ಹೊರುವ ಭಾಗದ ಮಾತು ಬರಬೇಕು. ಅಲ್ಲಿಂದ ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಮುಟ್ಟದೆ ಅಮಿಗ್ಡಲಾಕ್ಕೆ ಹೋಗುವ ಅಡ್ಡದಾರಿಯನ್ನು ನರವಿಜ್ಞಾನಿ ಜೋಸೆಫ್ ಲೆಡೂ 1980ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದರು.

ಮೂರನೇ ಪುಟಕ್ಕೆ ಬಂದಾಗ ಮಾತ್ರ ಎದ್ದು ಕೂತೆ. ಕೊಡಗಿನ ಮಕ್ಕಂದೂರಿನ ನಿಮ್ಮ ಅತ್ತೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡವರು. ಈಗಲೂ ಶೀಟಿನ ಮೇಲೆ ಮಳೆ ಜೋರಾದರೆ ಟಾರ್ಚು, ಕಾಗದಪತ್ರದ ಚೀಲ ಪಕ್ಕದಲ್ಲಿಟ್ಟುಕೊಂಡು ಬೆಳಗಾಗುವವರೆಗೆ ಕೂತಿರುತ್ತಾರೆ. ಇದನ್ನು ನಾಲ್ಕೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ತೋಟದ ಸದ್ದಿಗೆ ಬೆಚ್ಚುವುದು ಆ ಕ್ಷಣದ ಹೆದರಿಕೆ. ಅತ್ತೆಯದು ಮುಂದೆ ಮತ್ತೆ ಗುಡ್ಡ ಜರಿದೀತು ಎಂಬ ಆತಂಕ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಅತ್ತೆಯ ಸಂಗತಿಯ ಪಕ್ಕ ಇಡಬಹುದಾದದ್ದು ಥಲಾಮಸ್‌ನ ನಡುಗೆರೆಯಲ್ಲಿರುವ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳಿಗೆ ಒಂದು ಸದ್ದು ಕೇಳಿಸಿ, ಜೊತೆಗೇ ಸಣ್ಣ ಶಾಕ್ ಕೊಟ್ಟರು. 6 ಗಂಟೆ ಬಿಟ್ಟು ಅದೇ ಸದ್ದು ಕೇಳಿಸಿದಾಗ, ಇಲಿ ಹೆದರಲು ಈ ನ್ಯೂಕ್ಲಿಯಸ್ ಬೇಕಾಗಲಿಲ್ಲ. ಒಂದು ದಿನ ಕಳೆದ ಮೇಲೆ ಬೇಕಾಯಿತು. 28 ದಿನ ಬಿಟ್ಟು ನೋಡಿದಾಗಲೂ ಬೇಕಾಯಿತು. ಹೆದರಿಕೆ ಹಳತಾದಂತೆ ಅದು ಎದ್ದು ಬರುವ ದಾರಿಯೇ ಬೇರೆಯಾಗಿತ್ತು. ಆದರೆ ಇದು ಇಲಿಯ ಮಾತು. ಅತ್ತೆಯ ತಲೆಯಲ್ಲೂ ಹೀಗೇ ಆಯಿತು ಅಂತ ಬರೆದರೆ ಆ ಸಾಲು ಹೊಡೆದುಹಾಕುತ್ತೇನೆ. ಮನುಷ್ಯರಲ್ಲಿ ಈ ಭಾಗ ಎಷ್ಟು ಚಿಕ್ಕದೆಂದರೆ, ಸಾಮಾನ್ಯ ಸ್ಕ್ಯಾನಿನಲ್ಲಿ ಬೇರ್ಪಡಿಸಿ ನೋಡುವುದೇ ಕಷ್ಟ.

ಕೊನೆಯ 'ಆತಂಕ ಗೆಲ್ಲಲು ಹತ್ತು ಸೂತ್ರ' ಪೂರ್ತಿ ತೆಗೆಯಿರಿ. ಬರೆಯುವ ಮೊದಲು ಅತ್ತೆಯ ಒಪ್ಪಿಗೆ ಕೇಳಿ, ಹೆಸರು ಹಾಕುವುದು ಬೇಡ. ಎರಡು ಪುಟಕ್ಕಿಂತ ಜಾಸ್ತಿ ಆಗದಿರಲಿ. ಮೇ ಮೊದಲ ವಾರದೊಳಗೆ ಬಂದರೆ ಜೂನ್ ಸಂಚಿಕೆಗೆ ನೋಡುತ್ತೇನೆ.

ಸಂಪಾದಕ