ಬಿಸಿಯಾದ ಹುಲ್ಲಿನ ಬೇಲ್ ಬಿಚ್ಚುವ ಮುಂಚೆ

ಸರ್, ಚಿಂತಾಮಣಿಯಲ್ಲಿ ಮಳೆಗೆ ನೆಂದ ರಾಗಿ ಹುಲ್ಲನ್ನು ಬೇಲ್ (ಬಿಗಿಯಾದ ಪಿಂಡಿ) ಕಟ್ಟಿಸಿ ಶೆಡ್‌ನಲ್ಲಿ ಒಟ್ಟಿದ್ದೀರಿ, ಎರಡು ವಾರಕ್ಕೇ ಬಿಸಿಯಾಗಿದೆ, ಬಿಚ್ಚಿ ಹರಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಒಳಗಿನ ಬಿಸಿ ಅಳೆಯದೆ ಬಿಚ್ಚಬೇಡಿ. ಒಳಗೆ ಕಾದಿರುವ ಹುಲ್ಲಿಗೆ ಒಮ್ಮೆಲೇ ಗಾಳಿ ಸಿಕ್ಕರೆ ಧಗ್ ಅಂತ ಹೊತ್ತಿಕೊಳ್ಳಬಹುದು.

ಹಸಿ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬಿಸಿ ಹುಟ್ಟಿಸುತ್ತವೆ. ಬಿಗಿಯಾಗಿ ಕಟ್ಟಿದ ಬೇಲ್‌ನಿಂದ ಅದು ಹೊರಗೆ ಹೋಗಲ್ಲ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಿಗಳು ಸತ್ತರೂ ರಾಸಾಯನಿಕ ಕ್ರಿಯೆಯಿಂದ ಬಿಸಿ ಏರುತ್ತಲೇ ಹೋಗುತ್ತದೆ.

ಕೈ ಇಟ್ಟು ನೋಡಿದರೆ ಸಾಲದು. ತುದಿ ಚೂಪಾದ ಕಬ್ಬಿಣದ ಪೈಪಿಗೆ ಸುತ್ತ ತೂತು ಕೊರೆಸಿ, ಪಕ್ಕದಿಂದ ಒಟ್ಟಿಲಿನ ನಡುವಿಗೆ ತಳ್ಳಿ. 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರನ್ನು ಕಡ್ಡಿಗೆ ಕಟ್ಟಿ ಒಳಗೆ ಬಿಟ್ಟು, 15 ನಿಮಿಷ ಕಾಯಿರಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗಲ್ಲ. 55ರೊಳಗಿದ್ದರೆ ದಿನಾ ನೋಡಿ. 65ರ ಹತ್ತಿರ ಬಂದರೆ ಎರಡು ಮೂರು ಗಂಟೆಗೊಮ್ಮೆ. 70 ದಾಟಿದ್ದರೆ, ಅಥವಾ ಸಕ್ಕರೆ ಸೀದ ವಾಸನೆ, ಹೊಗೆ ಬಂದರೆ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ. ಬೇಲ್ ತೆಗೆಯುವುದು ಅಗ್ನಿಶಾಮಕದವರು ನೀರಿನೊಂದಿಗೆ ನಿಂತ ಮೇಲೆ.

ಒಟ್ಟಿಲಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕುಸಿದು ಬೀಳುತ್ತಾರೆ. ಪಕ್ಕದಲ್ಲಿ ಹಸು ಕಟ್ಟಿದ್ದರೆ ಈಗಲೇ ಬೇರೆ ಕಡೆ ಕಟ್ಟಿ.