ಅಮ್ಮನ ಫೋನ್ ಕಸಿಯುವ ಮೊದಲು

ಪತ್ರದ ಸಾರ: ಎಪ್ಪತ್ತರ ತಾಯಿ ಹೊತ್ತಿಲ್ಲ ಗೊತ್ತಿಲ್ಲ ವಾಟ್ಸ್‌ಆ್ಯಪ್, ಫೇಸ್‌ಬುಕ್ ನೋಡುತ್ತಾರೆ. ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುತ್ತಾರೆ, ಗೊತ್ತಿಲ್ಲದೆ ಮೆಸೇಜ್ ಡಿಲೀಟ್ ಮಾಡಿಬಿಡುತ್ತಾರೆ. ಈ ವಯಸ್ಸಿಗೆ ಬಟನ್ ಫೋನ್ ಸಾಕಲ್ಲವೇ?

ಪ್ರಿಯ ಓದುಗರೇ,

ನಿಮ್ಮ ಆತಂಕ ಸುಳ್ಳಲ್ಲ. 2016ರ ಅಮೆರಿಕ ಚುನಾವಣೆಯ ಹೊತ್ತಿನ ಫೇಸ್‌ಬುಕ್ ಹಂಚಿಕೆಗಳ ಅಧ್ಯಯನವೊಂದು 2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. 65 ದಾಟಿದವರು ಅತಿ ಕಿರಿಯರಿಗಿಂತ ಸುಮಾರು ಏಳು ಪಟ್ಟು ಸುಳ್ಳು ಸುದ್ದಿ ಹಂಚಿದ್ದರು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಆ ಹಿರಿಯರಲ್ಲೇ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಒಂದೂ ಸುಳ್ಳು ಸುದ್ದಿ ಹಂಚಿರಲಿಲ್ಲ ಎಂಬುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಡಿಲೀಟ್ ಆಗುವುದಕ್ಕೆ ಮರೆವೇ ಕಾರಣವಾಗಬೇಕಿಲ್ಲ. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ. ಒಣ ಚರ್ಮದ ಸ್ಪರ್ಶವನ್ನು ಪರದೆ ಕೆಲವೊಮ್ಮೆ ಸರಿಯಾಗಿ ಗುರುತಿಸುವುದಿಲ್ಲ. ಆಗ ಅವರು ಒತ್ತಿ ಹಿಡಿಯುತ್ತಾರೆ. ಫೋನ್ ಅದನ್ನು ‘ಲಾಂಗ್ ಪ್ರೆಸ್’ ಎಂದುಕೊಂಡು ಮೆಸೇಜನ್ನು ಸೆಲೆಕ್ಟ್ ಮಾಡುತ್ತದೆ, ಮೇಲ್ಗಡೆ ಕಸದ ಬುಟ್ಟಿಯ ಚಿತ್ರ ಮೂಡುತ್ತದೆ. ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ ಹುಡುಕಿ ‘ಲಾಂಗ್’ ಮಾಡಿ. ಡಿಸ್‌ಪ್ಲೇಯಲ್ಲಿ ಅಕ್ಷರ ದೊಡ್ಡದು ಮಾಡಿ, ವಾಟ್ಸ್‌ಆ್ಯಪ್‌ನ ಚಾಟ್ಸ್ ಸೆಟ್ಟಿಂಗ್‌ನಲ್ಲೂ ಫಾಂಟ್ ಗಾತ್ರ ನೋಡಿ. ಹೊಸ ಫೋನ್ ಕೊಡಿಸಿದ ದಿನವೇ ಆಗಬೇಕಿದ್ದ ಕೆಲಸ ಇದು.

ಫಾರ್ವರ್ಡ್‌ಗೂ ಮದ್ದಿದೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತಿರುವ ಮೆಸೇಜ್ ಹಲವು ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಆ ಗುರುತನ್ನು ತೋರಿಸಿಕೊಟ್ಟು, ‘ಇದು ಕಂಡರೆ ನನ್ನನ್ನು ಕೇಳಿ ಆಮೇಲೆ ಕಳಿಸಮ್ಮ’ ಎನ್ನಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ‘ಗ್ರೂಪ್ಸ್’ ಅನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸಿದರೆ ಅಪರಿಚಿತರು ಅವರನ್ನು ನೇರವಾಗಿ ಗುಂಪಿಗೆ ಸೇರಿಸಲಾರರು. ಅಕೌಂಟ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಆರಂಕಿಯ ಪಿನ್ ಇಡಿ. ಎಸ್‌ಎಂಎಸ್‌ನಲ್ಲಿ ಬರುವ ಆರಂಕಿಯ ಕೋಡ್ ಬೇರೆ, ಈ ಪಿನ್ ಬೇರೆ; ಎರಡನ್ನೂ ಯಾರಿಗೂ, ಮೊಮ್ಮಗನ ಹೆಸರು ಹೇಳಿಕೊಂಡು ಕೇಳಿದವರಿಗೂ, ಹೇಳಕೂಡದು. ಖಾತೆಗಳು ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಹಿರಿಯರಿಗೆ ಇದೆಲ್ಲ ಒಗ್ಗದು ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ. ವೆಬ್ ಇನ್ನೂ ಹುಟ್ಟಿರದ 1986ರಲ್ಲೇ ಅಮೆರಿಕದಲ್ಲಿ ಮೇರಿ ಫರ್ಲಾಂಗ್ ಹಿರಿಯರಿಗೆ ಕಂಪ್ಯೂಟರ್ ಕಲಿಸುವ ಸೀನಿಯರ್‌ನೆಟ್ ಸಂಸ್ಥೆ ಕಟ್ಟಿದರು. 1927ರಲ್ಲಿ ಹುಟ್ಟಿದ ಇಂಗ್ಲೆಂಡಿನ ಪೀಟರ್ ಓಕ್ಲಿ 2006ರಲ್ಲಿ ಯೂಟ್ಯೂಬ್‌ಗೆ ಬಂದು ಬದುಕಿನ ಕತೆ ಹೇಳತೊಡಗಿದರು; ಕೆಲವೇ ವಾರಗಳಲ್ಲಿ ಅಲ್ಲಿ ಅತಿ ಹೆಚ್ಚು ಚಂದಾದಾರರು ಅವರಿಗಿದ್ದರು. ಮಂಡಿ ನೋವಿನಿಂದ ಮೆಟ್ಟಿಲಿಳಿಯಲಾಗದವರಿಗೆ ಹಳೆಯ ಸಹಪಾಠಿಗಳ ಗುಂಪೇ ಹೊರಪ್ರಪಂಚ. ಅದನ್ನು ಚಟ ಎನ್ನುವುದು ಅನ್ಯಾಯ.

ತಪ್ಪಿದ್ದರೆ ಆ್ಯಪ್ ಮಾಡುವವರದು. ಬಿಳಿಯ ಮೇಲೆ ತೆಳು ಬೂದು ಅಕ್ಷರ, ಹೆಸರಿಲ್ಲದ ಚಿಹ್ನೆಗಳು, ಕಲಿತು ಮುಗಿಸುವಷ್ಟರಲ್ಲಿ ಅಪ್‌ಡೇಟ್ ಬಂದು ಬಟನ್ ಜಾಗವೇ ಬದಲು. ಇಪ್ಪತ್ತೈದರ ಕಣ್ಣಿಗೆ ಮಾಡಿದ್ದನ್ನು ಎಪ್ಪತ್ತರ ಕೈಗಿಟ್ಟು, ಆಮೇಲೆ ಅವರನ್ನೇ ದಡ್ಡರೆನ್ನುತ್ತೇವೆ.

ನಿಮ್ಮ ಮೇಲೂ ನನ್ನದೊಂದು ದೂರಿದೆ. ಕೇಳಿದಾಗಲೆಲ್ಲ ‘ಕೊಡಿಲ್ಲಿ’ ಎಂದು ಫೋನ್ ಕಿತ್ತುಕೊಂಡು ನೀವೇ ಮಾಡಿಕೊಟ್ಟರೆ ಅವರು ಕಲಿಯುವುದೆಂತು? ನೀವು ಹೇಳಿ, ಒತ್ತುವುದು ಅವರ ಬೆರಳೇ ಆಗಲಿ. ಒಂದು ದಿನಕ್ಕೆ ಒಂದೇ ವಿಷಯ. ಹಂತಗಳನ್ನು ದಪ್ಪಕ್ಷರದಲ್ಲಿ ಹಾಳೆಯ ಮೇಲೆ ಬರೆದುಕೊಡಿ. ಅಪ್‌ಡೇಟ್ ಆದಾಗ ಆ ಹಾಳೆಯನ್ನೂ ತಿದ್ದಿ. ಮನೆಯ ಗ್ರೂಪನ್ನು ನೀವು ಮ್ಯೂಟ್ ಮಾಡಿದ್ದರೆ ಇವತ್ತೇ ತೆಗೆದು, ಅವರ ಮೆಸೇಜಿಗೆ ಎರಡು ಸಾಲು ಉತ್ತರ ಬರೆಯಿರಿ.

– ಸಂ