ಸಂಪಾದಕರ ಉತ್ತರ: ತಂಬೂರಿಗಿಂತ ಕೆಳಗಿನ ಸದ್ದು

ವಿರಾಜಪೇಟೆ ಹತ್ತಿರದ ಕಾಫಿ ತೋಟದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರಲ್ಲಿ ಹಾರ್ನ್ ಇರುವ ಹಳೇ ಸ್ಪೀಕರ್ ಜೋಡಿ ಇದೆ. ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್‌ಗೆ ಮಾಡುವ ಸದ್ದು, 98 ಡೆಸಿಬೆಲ್; ಬೇಸ್ 55 ಹರ್ಟ್ಜ್ ಹತ್ತಿರ ಮುಗಿಯುತ್ತದೆ. 8 ವ್ಯಾಟ್‌ನ ವಾಲ್ವ್ ಆಂಪ್, 18 ಅಡಿ ಉದ್ದ 14 ಅಡಿ ಅಗಲದ ಕೋಣೆ. ಕೇಳುವುದು ಹೆಚ್ಚಾಗಿ ಎಲ್‌ಪಿ: ಕರ್ನಾಟಕ ಸಂಗೀತ, ಸ್ವಲ್ಪ ಜಾಝ್. ಸ್ನೇಹಿತರ 15 ಇಂಚಿನ ಹೋಮ್ ಥಿಯೇಟರ್ ಸಬ್‌ವೂಫರ್ (ಆಳದ ಬೇಸ್‌ಗೆ ಮಾತ್ರ ಇರುವ ಸ್ಪೀಕರ್) ತಂದು ಮೂಲೆಯಲ್ಲಿಟ್ಟು, ಕ್ರಾಸ್‌ಓವರ್, ಅಂದರೆ ಸಬ್ ಎಷ್ಟು ಹರ್ಟ್ಜ್‌ವರೆಗೆ ಸದ್ದು ಮಾಡಬೇಕು ಎನ್ನುವ ಗಡಿ, 80ಕ್ಕೆ ಇಟ್ಟು ಕೇಳಿದರಂತೆ. "ಮೃದಂಗ ಊದಿಕೊಂಡ ಹಾಗಿತ್ತು. ನನ್ನ ಸ್ಪೀಕರ್‌ಗೆ 8 ವ್ಯಾಟ್ ಸಾಕು, ಸಬ್‌ಗೆ ಯಾಕೆ ನೂರಾರು? ಎಂಥದ್ದು ಕೊಳ್ಳಲಿ?" ಎಂದು ಕೇಳಿದ್ದಾರೆ.

ಪ್ರಿಯರೇ,

ಮೊದಲು ವ್ಯಾಟ್ ವಿಷಯ. ನಿಮ್ಮ ಸ್ಪೀಕರ್ 1 ವ್ಯಾಟ್‌ನಲ್ಲಿ ಮಾಡುವಷ್ಟು ಸದ್ದಿಗೆ 87 ಡೆಸಿಬೆಲ್‌ನ ಸ್ಪೀಕರ್ 12 ವ್ಯಾಟ್‌ಗೂ ಜಾಸ್ತಿ ಕೇಳುತ್ತದೆ. ಈ ಗುಣಕ್ಕೆ ಒಂದು ಬೆಲೆ ಇದೆ. ಕಡಿಮೆ ವ್ಯಾಟ್‌ಗೆ ಜೋರು ಸದ್ದು, ಆಳದ ಬೇಸ್, ಚಿಕ್ಕ ಪೆಟ್ಟಿಗೆ, ಈ ಮೂರರಲ್ಲಿ ಎರಡೇ ಸಿಗುತ್ತವೆ. ಇದಕ್ಕೆ ಹಾಫ್‌ಮನ್ ನಿಯಮ ಅಂತ ಹೆಸರು. 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಪಾಲ್ ಕ್ಲಿಪ್ಷ್ ತಮ್ಮ ದೊಡ್ಡ ಹಾರ್ನ್ ಸ್ಪೀಕರನ್ನು ಕೋಣೆಯ ಮೂಲೆಗೆ ಕೂರಿಸಿ, ಅಲ್ಲಿನ ಗೋಡೆಗಳನ್ನೇ ಹಾರ್ನ್‌ನ ಭಾಗ ಮಾಡಿಕೊಂಡದ್ದು ಆಳದ ಬೇಸ್‌ಗಾಗಿಯೇ.

ಸಬ್ ಇನ್ನೊಂದು ಆಯ್ಕೆ ಮಾಡಿಕೊಂಡಿದೆ: ಆಳದ ಬೇಸ್, ಚಿಕ್ಕ ಪೆಟ್ಟಿಗೆ. ಹಾಗಾಗಿ ವ್ಯಾಟ್ ಜಾಸ್ತಿ ತಿನ್ನುತ್ತದೆ. ಅದೇ ಜೋರಿನಲ್ಲಿ ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿದರೆ ಕೋನ್ (ಗಾಳಿಯನ್ನು ತಳ್ಳುವ ಸ್ಪೀಕರ್‌ನ ಶಂಕು) ನಾಲ್ಕು ಪಟ್ಟು ದೂರ ಓಡಾಡಬೇಕು. ಆ ಶಕ್ತಿಯನ್ನು ಸಬ್‌ನ ಒಳಗಿರುವ ಆಂಪ್ ಕೊಡುತ್ತದೆ, ನಿಮ್ಮ ವಾಲ್ವ್‌ಗೆ ಭಾರ ಬೀಳುವುದಿಲ್ಲ.

ಇನ್ನು ಮೃದಂಗ. ದೊಡ್ಡ ಕೋನ್ ನಿಧಾನ, ಅದಕ್ಕೇ ಹಾಗೆ ಕೇಳುತ್ತದೆ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಕೋಣೆಯ ಅಳತೆ ನೋಡಿ. 18 ಅಡಿಯ ಉದ್ದಕ್ಕೆ ಸುಮಾರು 31 ಮತ್ತು 62 ಹರ್ಟ್ಜ್‌ನಲ್ಲಿ, 14 ಅಡಿಯ ಅಗಲಕ್ಕೆ 40ರಲ್ಲಿ ಕೋಣೆ ತಾನೇ ಗುಂಯ್‌ಗುಡುತ್ತದೆ. ಮೂಲೆಯಲ್ಲಿಟ್ಟ ಸಬ್ ಇವೆಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಜೊತೆಗೆ ಕ್ರಾಸ್‌ಓವರ್ 80ರಲ್ಲಿತ್ತು. ಗಾಯಕರ ಶ್ರುತಿ ಸಿ ಆದರೆ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಜ್. ಅಂದರೆ ತಂಬೂರಿಯ ಕೆಳಗಿನ ತಂತಿಯೂ ಮೃದಂಗದ ಎಡಗೈಯೂ ಎರಡೆರಡು ಕಡೆಯಿಂದ ಬರುತ್ತಿದ್ದವು. ಊದಿಕೊಳ್ಳದೆ ಇನ್ನೇನಾಗುತ್ತದೆ? ಹಾಡು, ತಂಬೂರಿ, ಮೃದಂಗ ನಿಮ್ಮ ಹಾರ್ನ್‌ಗಳ ಹತ್ತಿರವೇ ಇರಲಿ. ಕ್ರಾಸ್‌ಓವರ್ 50ರಿಂದ 55ರ ಮಧ್ಯೆ ಇಡಿ. ಡಬಲ್ ಬೇಸ್‌ನ ಕೆಳಗಿನ ತಂತಿ 41 ಹರ್ಟ್ಜ್. ಅಂಥದ್ದು ಸಬ್‌ನ ಪಾಲಿಗೆ ಬರಲಿ.

ಕೊಳ್ಳುವುದಾದರೆ ಪೋರ್ಟ್ (ಗಾಳಿ ಆಡುವ ತೂತು) ಇಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯ 10 ಅಥವಾ 12 ಇಂಚಿನದು ಕೊಳ್ಳಿ. ನೀವು ಎಲ್‌ಪಿ ಕೇಳುವವರು. ರೆಕಾರ್ಡ್ ಸ್ವಲ್ಪ ಸೊಟ್ಟಗಿದ್ದರೂ 10 ಹರ್ಟ್ಜ್‌ಗಿಂತ ಕೆಳಗೆ ಕೋನ್ ಸುಮ್ನೆ ಓಲಾಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ಅದನ್ನು ಹಿಡಿಯುತ್ತದೆ. ಪೋರ್ಟ್ ಇದ್ದರೆ ಆ ಹಿಡಿತ ಇರುವುದಿಲ್ಲ. ತೋಟದ ಮನೆಯಲ್ಲಿ ಪೋರ್ಟ್ ಅಂದರೆ ಹಲ್ಲಿ, ಜಿರಲೆಗಳಿಗೆ ಬಾಗಿಲು ತೆರೆದಿಟ್ಟ ಹಾಗೂ ಹೌದು.

ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇದೆಯೇ ಅಂತ ಕೇಳಿಯೇ ಕೊಳ್ಳಿ. ವಾಲ್ವ್ ಆಂಪ್‌ನ ಗುಣ ಸಬ್‌ಗೂ ಹೋಗುವುದು ಆ ದಾರಿಯಲ್ಲಿ. ಮುಂದೆ ದುಡ್ಡಾದರೆ ಅಂಥದ್ದೇ ಇನ್ನೊಂದು ತನ್ನಿ. ಒಂದು ದೊಡ್ಡದಕ್ಕಿಂತ ಬೇರೆ ಬೇರೆ ಜಾಗದಲ್ಲಿಟ್ಟ ಎರಡು ಚಿಕ್ಕವು ಕೋಣೆಯ ಏರುಪೇರನ್ನು ಚೆನ್ನಾಗಿ ತಗ್ಗಿಸುತ್ತವೆ.

ಜಾಗ ಹುಡುಕಲು ಸಬ್ಬನ್ನು ನೀವು ಕೂರುವ ಕುರ್ಚಿಯ ಮೇಲಿಡಿ. ಡಬಲ್ ಬೇಸ್ ಇರುವ ರೆಕಾರ್ಡ್ ಹಾಕಿ, ಗೋಡೆಗುಂಟ ಮಂಡಿಯೂರಿ ಸಾಗುತ್ತಾ ಕೇಳಿ. ಎಲ್ಲಾ ಸ್ವರಗಳೂ ಒಂದೇ ಸಮನಾಗಿ ಕೇಳುವ ಕಡೆ ಸಬ್ ಕೂರಲಿ. ಆಮೇಲೆ 55 ಹರ್ಟ್ಜ್‌ನ ಟೋನ್ ಹಾಕಿ, ಸಬ್ ಮತ್ತು ಸ್ಪೀಕರ್‌ಗಳ ಸದ್ದಿನ ಅಲೆಗಳನ್ನು ಹೊಂದಿಸುವ ಫೇಸ್ ಗುಂಡಿ ತಿರುಗಿಸಿ. ಕುರ್ಚಿಯಲ್ಲಿ ಯಾವ ಕಡೆ ಜೋರಾಗಿ ಕೇಳುತ್ತದೋ ಅದೇ ಸರಿ. ಕೊನೆಗೆ ವಾಲ್ಯೂಮ್. ಸಬ್ ಇದೆ ಅಂತ ಗೊತ್ತಾಗಬಾರದು, ಆಫ್ ಮಾಡಿದಾಗ ಏನೋ ಹೋಯಿತು ಅನ್ನಿಸಬೇಕು. ಈ ಕೆಲಸ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಮಾಡಬೇಡಿ. ಹೆಂಚಿನ ಮೇಲೆ ಮಳೆ ಬೀಳುವಾಗ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ಜನವರಿಯ ರಾತ್ರಿ ಒಳ್ಳೆಯದು.

ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ ಮಾತ್ರ ಆರಿಸಿ ಮಲಗಿದ ಒಂದು ರಾತ್ರಿ ನನ್ನ ಸಬ್‌ನ ಆಂಪ್ ಸುಟ್ಟುಹೋಯಿತು.

ಆ 15 ಇಂಚಿನದನ್ನು ವಾಪಸ್ ಕೊಟ್ಟಿಲ್ಲ ಅಲ್ವಾ? ಹಾಗಾದರೆ ಮೊದಲು ಅದನ್ನೇ ಮೂಲೆಯಿಂದ ಎಳೆದು, ಕ್ರಾಸ್‌ಓವರ್ 50ಕ್ಕೆ ಇಳಿಸಿ ಅದೇ ರೆಕಾರ್ಡ್ ಕೇಳಿ. ಖರ್ಚೇನೂ ಇಲ್ಲ. ಮೃದಂಗ ಹೇಗೆ ಕೇಳಿತು ಅಂತ ಬರೆಯಿರಿ.

ಸಂಪಾದಕ